ಬಿಳಿ ಬೀರುವಿನ ಬೊಟ್ಟು

ನಮ್ಮ ಮನೆಯಲ್ಲಿ ಎರಡು ಬೀರುಗಳಿವೆ. ಒಂದು ಕಬ್ಬಿಣದ್ದು, ನಾನು ಮದುವೆಯಾಗಿ ಬಂದಾಗ ನನ್ನ ಜೊತೆಗೇ ಟೆಂಪೋದಲ್ಲಿ ಬಂದಿಳಿದದ್ದು. ಇನ್ನೊಂದು ಸಾಗುವಾನಿ ಮರದ್ದು. ನನಗಿಂತ ಎಷ್ಟೋ ಮೊದಲು ಈ ಮನೆ ಸೇರಿದ್ದು. ಮರದ ಬೀರು ಜಲಜಾಕ್ಷಿಯವರದು. ಜಲಜಾಕ್ಷಿ ನನ್ನ ಗಂಡ ಅನಂತರಾಮು ಅವರ ಮೊದಲ ಹೆಂಡತಿ. ಜ್ವರವೆಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲವಂತೆ. ನಾನು ರಮಾಮಣಿ, ಎರಡನೆಯವಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ಜನ ನನ್ನ ಹೆಸರು ಹೇಳುವ ಮೊದಲು ಹೇಳುವುದು ಅದನ್ನೇ.

ನಾನು ವಿಮಾ ಕಚೇರಿಯಲ್ಲಿ ಕೆಲಸದಲ್ಲಿದ್ದವಳು. ಅಪ್ಪ ಹಾಸಿಗೆ ಹಿಡಿದಿದ್ದರು. ಅವರು ಹೋಗುವವರೆಗೆ ನನ್ನ ಮದುವೆಯ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಲವತ್ತು ದಾಟಿದ ಮೇಲೆ ಈ ಸಂಬಂಧ ಬಂತು. ಮಕ್ಕಳಿಲ್ಲ, ಸ್ವಂತ ಮನೆ, ವಿಮಾನದ ಫ್ಯಾಕ್ಟರಿಯ ಪೇಂಟ್ ಶಾಪಿನಲ್ಲಿ ಕೆಲಸ. ಮನುಷ್ಯ ಒಳ್ಳೆಯವನು, ಮಾತು ಕಡಿಮೆ ಎಂದರು. ಎರಡೂ ನಿಜ. ಮಾತು ಇಷ್ಟೊಂದು ಕಡಿಮೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಮೊದಮೊದಲು ನಾನೊಬ್ಬಳೇ ಮಾತಾಡಿ, ನಾನೊಬ್ಬಳೇ ಜಗಳವಾಡಿ, ನಾನೇ ರಾಜಿಯಾಗುತ್ತಿದ್ದೆ. ಆಮೇಲಾಮೇಲೆ ಈ ಮನುಷ್ಯ ನನಗೆ ಇಷ್ಟವಾಗುತ್ತಾ ಹೋದರು. ನಾನು ಕೆಮ್ಮಿದರೆ ಕೇಳದೆಯೇ ಬಿಸಿನೀರು ಕಾಯಿಸಿ ತಂದಿಡುತ್ತಾರೆ. ಸಂತೆಬೀದಿಯಲ್ಲಿ ನಡೆಯುವಾಗ ಸ್ಕೂಟರು ಬರುವ ಕಡೆಗೆ ತಾವು ನಡೆಯುತ್ತಾರೆ. ಇಷ್ಟೆಲ್ಲ ಇದ್ದರೂ ನನ್ನನ್ನು ಕಂಡರೆ ಇವರಿಗೆ ಒಳಗೆ ಏನಾಗುತ್ತದೆ ಎಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಲಿಲ್ಲ. ಕೇಳುವ ವಯಸ್ಸೂ ದಾಟಿಹೋಗಿತ್ತು.

ಜಲಜಾಕ್ಷಿಯವರ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಹಾಲ್‌ನಲ್ಲಿರುವ ಅವರ ಫೋಟೋಗೆ ದಿನಾ ಹೂ ಏರಿಸುವವಳು ನಾನೇ. ಅವರ ತಿಥಿಯ ದಿನ ಮುತ್ತೈದೆಯನ್ನು ಕರೆದು, ಸೀರೆ ಕೊಟ್ಟು, ಊಟ ಹಾಕುವವಳೂ ನಾನೇ. ಆದರೆ ಈ ಮನೆಯ ಒಲೆ ಅವರು ಇಡಿಸಿದ ಜಾಗದಲ್ಲಿದೆ, ದೇವರ ಗೂಡು ಅವರು ಇಡಿಸಿದ ಗೋಡೆಯಲ್ಲಿದೆ, ಒಗೆಯುವ ಕಲ್ಲು ಅವರ ಎತ್ತರಕ್ಕಿದೆ. ಅವರು ಕುಳ್ಳಗಿದ್ದರು. ನಾನು ಉದ್ದ. ಬಂದಾಗಿನಿಂದ ಬೆನ್ನು ಬಗ್ಗಿಸಿಯೇ ಬಟ್ಟೆ ಒಗೆದಿದ್ದೇನೆ.

ನನ್ನಿಂದ ಶುರುವಾದ ವಸ್ತು ಒಂದಾದರೂ ಈ ಮನೆಯಲ್ಲಿ ಇರಲಿ ಎಂಬುದು ನನ್ನ ಆಸೆ. ಅದು ಬಾಯಿಗೆ ಬಂದದ್ದು ಇಂದಿರಾನಗರದ ಒಂದು ಅಂಗಡಿಯಲ್ಲಿ. ಮಳೆ ಬಂತೆಂದು ಒಳಗೆ ನುಗ್ಗಿದ್ದೆವು, ಕೊಳ್ಳಲು ಅಲ್ಲ. ಅಲ್ಲಿ ಒಂದು ಬಿಳಿ ಬೀರು ನಿಂತಿತ್ತು. ಬ್ರಶ್ಶಿನ ಒಂದು ಗೆರೆ ಇಲ್ಲ, ಒಂದು ಗಂಟಿಲ್ಲ. ಹತ್ತಿರ ಹೋದರೆ ನನ್ನ ಮುಖವೇ ಕಾಣುತ್ತಿತ್ತು. ಇಂಥದೊಂದು ನನಗೂ ಬೇಕು ಎನ್ನುತ್ತ ನಿಂತೇ ಇದ್ದೆ. ಇವರು ಬಂದು ಬೆರಳಿನ ಹಿಂಬದಿಯಿಂದ ಆ ಬಾಗಿಲನ್ನು ಸವರಿ ಮೂಗು ಮುರಿದರು.

“ಒಳಗಿರೋದು ಪುಡಿ ಹಲಗೆ. ಮನೇಲಿ ಸಾಗುವಾನಿ ಇದೆಯಲ್ಲ. ಇದಕ್ಕಿಂತ ನುಣುಪಾಗಿ ಮಾಡ್ಕೊಡ್ತೀನಿ.”

“ಜಲಜಕ್ಕನ ಬೀರುನಾ?”

“ಹ್ಞೂಂ. ಬೀರು ಹಳೇದಾದ್ರೇನು, ಹೊಸದಾಗುತ್ತೆ. ನಿನಗೆ ಬಿಳಿ ತಾನೇ ಬೇಕು?”

ಅದು ಇವರು ಒಂದೇ ಸಲಕ್ಕೆ ನನ್ನ ಹತ್ತಿರ ಆಡಿದ ಬಹಳ ಉದ್ದದ ಮಾತು. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಆಗಬೇಕು ಎಂದೆ. ಆಗಲಿ ಎಂದರು. ಮನೆಗೆ ಬರುವ ದಾರಿಯಲ್ಲಿ ನೆನೆದು ತೊಪ್ಪೆಯಾದರೂ ನನಗೆ ಖುಷಿಯೋ ಖುಷಿ.

ಇವರು ರಿಟೈರಾಗಿ ಮನೆಯಲ್ಲೇ ಇದ್ದರು, ಕೆಲಸ ಶುರುವಾಯಿತು. ಬೀರುವಿನ ಎರಡು ಬಾಗಿಲುಗಳನ್ನು ಬಿಚ್ಚಿ ಹಿಂದಿನ ವರಾಂಡದಲ್ಲಿ ಸ್ಟೂಲುಗಳ ಮೇಲೆ ಅಂಗಾತ ಮಲಗಿಸಿದರು. ನಿಲ್ಲಿಸಿ ಬಳಿದರೆ ಬಣ್ಣ ಇಳಿಯುತ್ತದಂತೆ, ಮಲಗಿಸಿದರೆ ತಾನಾಗಿಯೇ ಹರಡಿ ಸಮವಾಗುತ್ತದಂತೆ. ಹಳೆಯ ಕಂದು ವಾರ್ನಿಶ್ಶನ್ನು ಉಪ್ಪು ಕಾಗದದಿಂದ ತಿಕ್ಕಿ ತಿಕ್ಕಿ ತೆಗೆದರು. ಸಣ್ಣ ಗುಳಿಗಳಿಗೆಲ್ಲ ಪುಟ್ಟಿ ಮೆತ್ತಿದರು. ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಮತ್ತೆ ತಿಕ್ಕಿದರು. ಬಳಿಯುವ ದಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಬಣ್ಣವನ್ನು ನನ್ನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿದರು. ನಾನು ವರಾಂಡದ ಕಡೆ ಸುಳಿಯಬಾರದು, ಸೆರಗಿನ ಗಾಳಿಗೂ ಧೂಳು ಏಳುತ್ತದೆ ಎಂದು ಅಪ್ಪಣೆಯಾಯಿತು.

ಪಕ್ಕದ ಮನೆಯ ಮಂಜುಳಮ್ಮ ಕಾಂಪೌಂಡಿನ ಆಚೆಯಿಂದ ನೋಡಿ ನಕ್ಕರು. “ಏನ್ರೀ ರಮಾಮಣಿ, ನಿಮ್ಮ ಯಜಮಾನ್ರು ಬೀರು ಬಳೀತಿದಾರೋ, ವಿಮಾನ ಬಳೀತಿದಾರೋ?”

“ಹಾರಿಸ್ತಾರಂತೆ. ನಿಮಗೂ ಒಂದು ಸೀಟು ಹಿಡಿದಿಡ್ತೀನಿ ಬಿಡಿ,” ಎಂದೆ.

ಮೊದಲ ಕೋಟು ಬಿದ್ದ ಸಂಜೆ ಬಾಗಿಲುಗಳು ಹಾಲಿನ ಕೆನೆಯಂತಿದ್ದವು. ಬೆಳಿಗ್ಗೆ ಕಾಫಿಗೆ ನೀರಿಟ್ಟು, ಕದ್ದು ನೋಡಿ ಬರೋಣವೆಂದು ವರಾಂಡಕ್ಕೆ ಹೋದೆ. ಇವರು ಆಗಲೇ ಅಲ್ಲಿದ್ದರು. ಬಿಳಿ ಬಾಗಿಲಿನ ಮೇಲೆ, ನಿಲ್ಲಿಸಿದರೆ ನನ್ನ ಎದೆಯ ಮಟ್ಟಕ್ಕೆ ಬರುವ ಜಾಗದಲ್ಲಿ, ಸಾಲಾಗಿ ಮೂರು ಗುಲಾಬಿ ಬೊಟ್ಟುಗಳು ಎದ್ದಿದ್ದವು. ಇನ್ನೊಂದು ಬಾಗಿಲಲ್ಲೂ ಹಾಗೆಯೇ. ಬಿಳಿ ಪಂಚೆಗೆ ಎಲೆಅಡಿಕೆ ರಸ ಬಿದ್ದ ಹಾಗಿತ್ತು.

“ಏನ್ರೀ ಇದು?”

“ಕುಂಕುಮ,” ಎಂದರು. ಬಾಗಿಲಿನ ಮೇಲೆ ಬಗ್ಗಿ, “ಹಬ್ಬದಲ್ಲಿ ಜಲಜ ಇಡ್ತಿದ್ಲು. ಎಣ್ಣೇಲಿ ಕಲಸಿ. ಪಾಲಿಶ್ ಹಾಳಾಗುತ್ತೆ ಕಣೇ, ನೀರಲ್ಲಿ ಕಲಸು ಅಂತ ಪ್ರತೀ ವರ್ಷ ಬೈತಿದ್ದೆ. ನಮ್ಮಮ್ಮ ಹೀಗೇ ಇಡ್ತಿದ್ದಿದ್ದು ಅಂತ ಕೇಳ್ತಾನೇ ಇರ್ಲಿಲ್ಲ. ಮರದೊಳಗೆ ಇಳಿದುಬಿಟ್ಟಿದೆ.”

ಕಂದು ವಾರ್ನಿಶ್ಶಿನ ಅಡಿಯಲ್ಲಿ ಆ ಕಲೆಗಳು ಕಪ್ಪಗೆ ಮುಚ್ಚಿಹೋಗಿದ್ದವು. ಇಷ್ಟು ವರ್ಷ ಆ ಬಾಗಿಲನ್ನು ದಿನಾ ತೆಗೆದು ಮುಚ್ಚಿದ್ದೇನೆ, ನನಗೆ ಒಮ್ಮೆಯೂ ಕಂಡಿರಲಿಲ್ಲ.

ನಾನೂ ಹಬ್ಬದಲ್ಲಿ ಬೀರುವಿಗೆ ಅರಿಸಿನ ಕುಂಕುಮ ಇಡುತ್ತೇನೆ. ಕಬ್ಬಿಣದ ಬೀರುವಿಗೆ. ಬಂದ ಮೊದಲ ವರ್ಷ ಮರದ ಬೀರುವಿನ ಮುಂದೆ ಬಟ್ಟಲು ಹಿಡಿದು ನಿಂತಿದ್ದೆ. ಇದು ನನ್ನದಲ್ಲ ಅನ್ನಿಸಿ ಈಚೆ ಬಂದೆ. ನಾನು ನೀರಿನಲ್ಲಿ ಕಲಸಿಯೇ ಇಡುತ್ತೇನೆ. ಆದರೂ ಹಬ್ಬದ ಮಾರನೆಯ ದಿನ ಇವರು ಒದ್ದೆ ಬಟ್ಟೆ ತಂದು ಒರೆಸಿಬಿಡುತ್ತಾರೆ. ಬಣ್ಣದ ಮೇಲೆ ಕಲೆ ಕಂಡರೆ ಇವರಿಗೆ ಆಗದು, ಕೆಲಸದ ಚಾಳಿ. ನಾನೂ ಏನೂ ಅಂದುಕೊಂಡವಳಲ್ಲ.

“ಇನ್ನೊಂದು ಕೋಟಿಗೆ ಹೋಗುತ್ತೆ,” ಎಂದರು ಇವರು. ಆ ಜಾಗವನ್ನು ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕಿದರು. ಒಣಗಿಸಿ ಮತ್ತೆ ಬಳಿದರು. ಬೊಟ್ಟು ಮತ್ತೆ ಎದ್ದಿತು. ಮತ್ತೆ ತಿಕ್ಕಿದರು, ಮತ್ತೆ ಬಳಿದರು. ಮಳೆಗಾಲ ಬೇರೆ, ಬಣ್ಣ ಆರಲು ಹೊತ್ತು ಹಿಡಿಯುತ್ತಿತ್ತು. ಸಂಜೆ ಸ್ವಚ್ಛವಾಗಿರುತ್ತಿದ್ದ ಬಾಗಿಲು ಬೆಳಗಾಗುವಷ್ಟರಲ್ಲಿ ಕುಂಕುಮ ಇಟ್ಟುಕೊಂಡು ಕೂತಿರುತ್ತಿತ್ತು. ಆಷಾಢ ಮುಗಿಯುತ್ತಾ ಬಂತು. ವರಾಂಡದಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲ, ಮನೆಯೆಲ್ಲ ಟರ್ಪೆಂಟೈನಿನ ವಾಸನೆ. ಬೀರುವಿನೊಳಗಿದ್ದ ಬಟ್ಟೆಗಳು ಮಂಚದ ಮೇಲೆ ಗುಡ್ಡೆಯಾಗಿದ್ದವು.

ವಿಚಿತ್ರವೆಂದರೆ ಇವರಿಗೆ ಬೇಸರವಾಗಲಿಲ್ಲ. ಮೊದಲು ನಾನು ಎಬ್ಬಿಸದೆ ಏಳದ ಮನುಷ್ಯ ಈಗ ನನಗಿಂತ ಮೊದಲು ಎದ್ದು ವರಾಂಡಕ್ಕೆ ಹೋಗುತ್ತಿದ್ದರು. ಕೆಲಸದ ಮೇಲಿನ ಶ್ರದ್ಧೆ ಎಂದುಕೊಂಡೆ. ನನಗೋಸ್ಕರ ಇಷ್ಟು ಒದ್ದಾಡುತ್ತಿದ್ದಾರಲ್ಲ ಎಂದು ಒಂದೆರಡು ದಿನ ಕಾಫಿಗೆ ಹಾಲು ಜಾಸ್ತಿಯೇ ಹಾಕಿ ಕೊಟ್ಟೆ.

ಹಾಗಿರುವಾಗ ಮಂಜುಳಮ್ಮ ಒಯ್ದಿದ್ದ ಮೊರ ವಾಪಸು ಕೊಡಲು ಬಂದವರು ಬಾಗಿಲನ್ನು ನೋಡಿ ಕೆನ್ನೆಗೆ ಕೈಯಿಟ್ಟುಕೊಂಡರು. “ಅಯ್ಯೋ, ಇದು ಜಲಜಾ ಇಟ್ಟ ಬೊಟ್ಟಲ್ವೇನ್ರೀ! ಮೂರು ಬೊಟ್ಟು ಇಟ್ಟು ನಡುವಿನದನ್ನ ಒಂಚೂರು ಮೇಲಕ್ಕೆ ಇಡೋಳು. ನೋಡಿ, ಹಾಗೇ ಇದೆ. ಹೋಗಲ್ಲ ಅಂತಿದಾಳಲ್ಲ ತಾಯಿ.”

“ಹೋಗಲ್ಲ ಅನ್ನೋದು ಅವರಲ್ಲ, ಬಣ್ಣ ಸರಿಯಿಲ್ಲ,” ಎಂದೆ. ನನ್ನ ದನಿ ನನಗೇ ಜೋರೆನಿಸಿತು. ಆಕೆ ಹೋದ ಮೇಲೆ ಆ ನಡುವಿನ ಬೊಟ್ಟನ್ನೇ ನೋಡುತ್ತ ನಿಂತೆ. ನಿಜ, ಒಂಚೂರು ಮೇಲಿತ್ತು. ಫೋಟೋ ಗೋಡೆಯ ಮೇಲೆ ಸುಮ್ಮನಿರುತ್ತದೆ. ಇದು ಹಾಗಲ್ಲ, ದಿನಾ ಹೊಸದಾಗಿ ಬರುತ್ತಿತ್ತು. ನಾನು ಕೇಳಿ ಪಡೆದ ಒಂದೇ ಒಂದು ವಸ್ತುವಿನ ಮೇಲೂ ಅವರೇ ಮೊದಲು ಕೈಯಿಟ್ಟಿದ್ದರು. ಆಗ ಹೊಟ್ಟೆಕಿಚ್ಚಾಯಿತು, ಇಲ್ಲವೆನ್ನುವುದಿಲ್ಲ.

ಮಾರನೆಯ ದಿನ ಇವರು ಪೆನ್ಷನ್ನಿನ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಬಣ್ಣದ ಖಾಲಿ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ನಾನು ಶಿವಾಜಿನಗರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಬಿಟ್ಟಿಯಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹಲಸೂರು ಕೆರೆ ದಾಟುವವರೆಗೂ ನಿಂತೇ, ಅಂಗಡಿಯವನಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡೆ.

ಅಹ್ಮದ್ ಪಾಷಾ ಅವರ ಬಣ್ಣದ ಅಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದೆ. ಇವರಿಗೆ ಬಹಳ ಹಳೆಯ ಪರಿಚಯ. ಇವರು ಬೇರೆ ಅಂಗಡಿಯಲ್ಲಿ ಒಂದು ಬ್ರಶ್ಶನ್ನೂ ಕೊಂಡವರಲ್ಲ. ನಾನು ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದೆ.

“ಏನ್ ಬಣ್ಣ ಕೊಟ್ಟಿದೀರಾ ಪಾಷಾ ಸಾಬ್ರೇ? ಎಷ್ಟು ಬಳಿದ್ರೂ ಕೆಳಗಿಂದ ಕುಂಕುಮ ಮೇಲೆ ಬರ್ತಿದೆ.”

“ಅರೇ ಅಮ್ಮಾ, ಕೂತ್ಕೊಳಿ ಮೊದ್ಲು. ಚಾಯ್ ಹೇಳ್ತೀನಿ.” ಅವರು ಡಬ್ಬಿಯನ್ನು ತಿರುಗಿಸಿಯೂ ನೋಡಲಿಲ್ಲ. “ಕುಂಕುಮ ಅಂದ್ರೆ ಯಾವ ಬಣ್ಣ ಹಾಕಿದ್ರೂ ಬರ್ತದೆ. ಅದಕ್ಕೆ ಬಣ್ಣ ಅಲ್ಲಮ್ಮಾ, ಮೊದ್ಲು ಅರಗು ಹಚ್ಬೇಕು. ಸ್ಪಿರಿಟ್‌ನಲ್ಲಿ ಕರಗಿಸಿರೋ ಅರಗು. ಒಂದು ಕೈ ಹಚ್ಚಿಬಿಟ್ರೆ ಕೆಳಗಿನ ಕಲೆ ಕೆಳಗೇ. ಖತಮ್.”

“ಹಾಗಾದ್ರೆ ಇವರಿಗೆ ಹೇಳಬಾರ್ದಿತ್ತಾ?”

ಪಾಷಾ ನಕ್ಕುಬಿಟ್ಟರು. “ನಾನು ಸಾರ್‌ಗೆ ಹೇಳೋದಾ! ನಂಗೆ ಹೇಳ್ಕೊಟ್ಟಿದ್ದೇ ಸಾರು. ನಮ್ ಮಗಳು ಫಾಯಿಜಾ ಶಾದಿಯಲ್ಲಿ ಹುಡ್ಗೀರೆಲ್ಲ ಸೇರ್ಕೊಂಡು ಮೆಹಂದಿ ಕೈ ತಂದು ಬಾಗಿಲಿಗೆ ಒತ್ತಿಬಿಟ್ಟಿದ್ರು. ನಾನು ಬಳೀತೀನಿ, ಅದು ಬರ್ತದೆ, ಬಳೀತೀನಿ, ಬರ್ತದೆ. ಸಾರ್ ಬಂದು ನೋಡಿ, ಏನ್ ಪಾಷಾ, ಬಣ್ಣ ಮಾರ್ತೀಯಾ, ಇಷ್ಟು ಗೊತ್ತಿಲ್ವಾ, ಅರಗು ಹಚ್ಚು ಅಂದ್ರು. ಅವರೇ ಕೂತು ಹಚ್ಚಿಕೊಟ್ರು.”

ಚಹಾ ಬಂತು. ನಾನು ಖಾಲಿ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದೆ.

ಪಾಷಾ ತಮ್ಮ ಲೋಟವನ್ನು ಕೆಳಗಿಟ್ಟು ಬೀದಿಯ ಕಡೆ ನೋಡುತ್ತ ಹೇಳಿದರು: “ಈಗ ಮಗಳು ಹೈದರಾಬಾದ್‌ನಲ್ಲಿ. ಆ ಬಾಗಿಲು ಕ್ಲೀನಾಗಿದೆ, ಚೆನ್ನಾಗಿದೆ. ಒಂದೊಂದ್ಸಲ ಅನ್ನಿಸ್ತದಮ್ಮಾ, ಯಾಕಪ್ಪಾ ಮುಚ್ಚಿದೆ ಅಂತ.”

ಅರಗಿನ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಜಗಳಕ್ಕೆ ಹೋದವಳು ದುಡ್ಡು ಕೊಟ್ಟು ಬಸ್ಸು ಹತ್ತಿದೆ. ಈ ಸಲ ಸೀಟು ಸಿಕ್ಕಿತು. ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇವರಿಗೆ ಗೊತ್ತಿತ್ತು. ಜೀವಮಾನವೆಲ್ಲ ಬಣ್ಣದಲ್ಲೇ ಕಳೆದ ಮನುಷ್ಯನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಹಚ್ಚಲಿಲ್ಲ. ಸಂಜೆ ಬಳಿಯುತ್ತಿದ್ದದ್ದು ಬೆಳಿಗ್ಗೆ ಅದು ಬರಲಿ ಎಂದು. ನನಗಿಂತ ಮೊದಲು ಎದ್ದು ಹೋಗುತ್ತಿದ್ದದ್ದು ಬಂದಿದೆಯೇ ಎಂದು ನೋಡಲು. ನಾನು ಹಾಲು ಜಾಸ್ತಿ ಹಾಕಿ ಕಾಫಿ ಕೊಟ್ಟದ್ದು ಇದಕ್ಕೆ. ಸಿಟ್ಟು ಬಂತು, ಅಳುವೂ ಬಂತು. ಪಕ್ಕದ ಹೆಂಗಸು ಏನಾಯ್ತೆಂದು ತಮಿಳಿನಲ್ಲಿ ಕೇಳಿದಳು. ಧೂಳು ಎಂದೆ.

ನಾನು ಮನೆಗೆ ಬಂದಾಗ ಇವರು ವರಾಂಡದಲ್ಲಿ ಬಾಗಿಲಿಗೆ ನೀರು ಹಾಕಿ ತಿಕ್ಕುತ್ತಿದ್ದರು. ಕಾಗದ ಬಿಚ್ಚಿ ಬಾಟಲಿಯನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

“ಪಾಷಾ ಹೇಳಿದ್ನಾ?”

“ಹೇಳಿದ್ರು. ಅವರಿಗೆ ಹೇಳ್ಕೊಟ್ಟಿದ್ದು ಯಾರು ಅಂತಾನೂ ಹೇಳಿದ್ರು.”

ಇವರು ಕೈಯಲ್ಲಿದ್ದ ವಾಟರ್ ಪೇಪರನ್ನು ಬಕೆಟ್ಟಿನ ನೀರಿನಲ್ಲಿ ಬಿಟ್ಟರು. ಪಂಚೆಗೆ ಕೈ ಒರೆಸಿಕೊಂಡರು. ನಾನು ಈ ಸಲ ಬಿಡುವ ಹಾಗಿರಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದೆ.

“ಮೊದಲ್ನೇ ಸಲ ನಿಜವಾಗ್ಲೂ ಮರೆತೆ ರಮಾ,” ಎಂದರು ಕೊನೆಗೆ. “ಇಷ್ಟು ವರ್ಷದ ಕೆಲಸದಲ್ಲಿ ಮರೆತವನಲ್ಲ. ವಾರ್ನಿಶ್ ತೆಗೆದಾಗ ಕಲೆ ಕಂಡಿತ್ತು, ಆದ್ರೂ ಮರೆತೆ. ಬೆಳಿಗ್ಗೆ ಬಂದು ನೋಡ್ತೀನಿ, ಇದೆ. ಅವಳ ದನಿ ಹೇಗಿತ್ತು ಅಂತ ನಂಗೀಗ ನೆನಪಿಗೆ ಬರಲ್ಲ. ಮುಖ ನೆನೆಸ್ಕೊಂಡ್ರೆ ಫೋಟೋದಲ್ಲಿರೋ ಮುಖಾನೇ ಬರೋದು. ಇದೊಂದು ಮಾತ್ರ ಅವಳು ಬೆರಳಿಟ್ಟ ಜಾಗ. ಇನ್ನೊಂದ್ಸಲ ನೋಡೋಣ ಅನ್ನಿಸ್ತು. ಆಮೇಲೆ ಇನ್ನೊಂದ್ಸಲ.”

“ನಂಗೆ ಹೇಳಬಾರ್ದಿತ್ತಾ?”

“ಏನಂತ ಹೇಳ್ಲಿ? ನಿನಗೆ ಮಾಡ್ಕೊಡ್ತೀನಿ ಅಂತ ಶುರು ಮಾಡಿದ ಕೆಲಸ.”

ಬೈಯಬೇಕೆಂದು ಇಡೀ ದಾರಿ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ನಾನು ಯೋಚಿಸಿಯೂ ಇರದ ಮಾತು.

“ನಾನು ಹೋದ್ರೆ ನನ್ನದು ಎಲ್ಲಿ ಬರುತ್ತೆ ರೀ?”

ಅವರು ತಲೆ ಎತ್ತಿದರು.

“ಕೇಳಿದ್ದು ನಿಮಗೇ. ಅವರು ಇಟ್ಟಿದ್ದು ಮರದೊಳಗೆ ಇಳಿದಿದೆ, ನೀವು ತಿಕ್ಕಿದ್ರೂ ಬರುತ್ತೆ, ಬಳಿದ್ರೂ ಬರುತ್ತೆ. ನಾನು ಇಡೋದು ಕಬ್ಬಿಣದ ಬೀರುಗೆ. ಮಾರನೇ ದಿನಾನೇ ನೀವೇ ಬಟ್ಟೆ ತಂದು ಒರೆಸ್ತೀರಿ. ನಾನು ಈ ಮನೇಲಿ ಇದ್ದೆ ಅನ್ನೋದಕ್ಕೆ ಏನಿರುತ್ತೆ? ಯಾವ ಬಾಗಿಲನ್ನ ಬೆಳಿಗ್ಗೆ ಎದ್ದು ನೋಡ್ತೀರಿ?”

ಇವರು ಬಕೆಟ್ಟಿನಿಂದ ವಾಟರ್ ಪೇಪರನ್ನು ಎತ್ತಿ ಹಿಂಡಿದರು. ನಾನು ಅಡುಗೆಮನೆಗೆ ಹೋಗಿ ಹುರಿಯುವ ಅಗತ್ಯವೇ ಇಲ್ಲದ ರವೆಯನ್ನು ಹುರಿದು ಸೀಯಿಸಿದೆ.

ಮಾರನೆಯ ದಿನ ಬೆಳಿಗ್ಗೆ ವರಾಂಡದಲ್ಲಿ ಸ್ಪಿರಿಟ್ಟಿನ ವಾಸನೆ ಬಂತು. ಇವರು ಬಾಗಿಲುಗಳನ್ನು ಬೊಟ್ಟಿನ ಜಾಗದಲ್ಲಿ ಮರ ಕಾಣುವವರೆಗೆ ತಿಕ್ಕಿಟ್ಟಿದ್ದರು. ಬಿಳಿಯೆಲ್ಲ ಹೋಗಿ ಸಾಗುವಾನಿಯ ಮೇಲೆ ಕೆಂಪು ಕಡುವಾಗಿ ಕಾಣುತ್ತಿತ್ತು. ಬಟ್ಟಲಲ್ಲಿದ್ದ ಜೇನಿನ ಬಣ್ಣದ ಅರಗಿಗೆ ಬ್ರಶ್ಶು ಅದ್ದಿ ಒಂದೊಂದೇ ಬೊಟ್ಟಿನ ಮೇಲೆ ಹಚ್ಚುತ್ತಿದ್ದರು. ಅವಸರವಿಲ್ಲ. ಒಂದಾದ ಮೇಲೆ ಸ್ವಲ್ಪ ನಿಲ್ಲಿಸಿ ಮುಂದಿನದಕ್ಕೆ ಹೋಗುತ್ತಿದ್ದರು. ಇದನ್ನು ಮಾಡಿಸಿದವಳು ನಾನೇ. ನೋಡಲು ಮಾತ್ರ ನನ್ನಿಂದ ಆಗಲಿಲ್ಲ. ಆದರೂ ಅಲ್ಲೇ ನಿಂತೆ. ಅವರನ್ನು ಒಬ್ಬರೇ ಬಿಟ್ಟು ಬರುವುದು ಇನ್ನೂ ಕಷ್ಟವಾಗಿತ್ತು.

ಹೊರಗಿನದೆಲ್ಲ ಮುಗಿದ ಮೇಲೆ ಎದ್ದು ಕೋಣೆಗೆ ಹೋದರು. ಬಾಗಿಲಿಲ್ಲದ ಬೀರುವಿನೊಳಗೆ ಒಡವೆ ಇಡುವ ಪುಟ್ಟ ಖಾನೆ ಇದೆ. ಅದರ ಮುಚ್ಚಳದ ಮೇಲೂ ಹಬ್ಬಕ್ಕೆ ಒಂದು ಬೊಟ್ಟು ಇಡುವುದು ರೂಢಿ. ಅಲ್ಲೂ ಹಳೆಯದೊಂದು ಕಲೆ ಇತ್ತು.

“ಇದಕ್ಕೂ ಹಚ್ಚಿಬಿಡ್ಲಾ?”

“ಬೇಡ,” ಎಂದೆ. “ನಾನು ಕೇಳಿದ್ದು ಹೊರಗಿನದಷ್ಟೇ. ಅದನ್ನ ಹಾಗೇ ಬಿಡಿ.”

ಅವರು ಬ್ರಶ್ಶು ಹಿಡಿದುಕೊಂಡು ಅಲ್ಲೇ ನಿಂತರು. ಅರಗು ಬಟ್ಟಲಲ್ಲೇ ಗಟ್ಟಿಯಾಗುತ್ತೆ ಎಂದು ನಾನೇ ನೆನಪಿಸಬೇಕಾಯಿತು.

ಆಮೇಲಿನ ಕೆಲಸ ಸರಾಗವಾಗಿ ಆಯಿತು. ಪ್ರೈಮರು, ತೆಳುವಾಗಿ ಒಂದು ಕೋಟು, ತಿಕ್ಕುವುದು, ಮತ್ತೆ ತೆಳುವಾಗಿ ಒಂದು. ಕೊನೆಯ ಕೋಟಿನ ದಿನ ಇವರು ಉಸಿರು ಬಿಗಿಹಿಡಿದು ಬ್ರಶ್ಶನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮ ಎಳೆದರು. ಆರಿದ ಮೇಲೆ ಬಾಗಿಲುಗಳನ್ನು ಕೂರಿಸಿ ಕೋಣೆಯ ಟ್ಯೂಬ್‌ಲೈಟ್ ಹಾಕಿದರು. ನುಣುಪನ್ನು ನೋಡುವುದು ಹಾಗಂತೆ: ಬಾಗಿಲಲ್ಲಿ ಕಾಣುವ ದೀಪದ ಗೆರೆ ಎಲ್ಲೂ ನಡುಗಬಾರದು. ಗೆರೆ ನೆಟ್ಟಗೆ ಇತ್ತು. ಹತ್ತಿರ ಹೋದೆ, ನನ್ನ ಮುಖ ಕಂಡಿತು.

“ಒಂದು ತಿಂಗಳು ಇದಕ್ಕೆ ಎಣ್ಣೆ ತಾಗಿಸಬೇಡ,” ಎಂದರು. “ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗಿನ್ನೂ ಹಸಿ. ಎಣ್ಣೆ ಬಿದ್ರೆ ಇಳಿದುಬಿಡುತ್ತೆ. ತಲೆಗೆ ಹಚ್ಕೊಂಡ ಕೈಯಲ್ಲೂ ಮುಟ್ಟಬೇಡ.”

ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಬೆಳ್ಳಗೇ ಇತ್ತು. ಇನ್ನೊಂದು ಬೆಳಿಗ್ಗೆಯೂ ಹಾಗೆಯೇ ಇತ್ತು. ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಮಂಜುಳಮ್ಮ ಬಂದು ನೋಡಿ, ಅಂಗಡಿಯದೇ ಅನ್ನಬೇಕು ಎಂದರು. ನನಗೆ ಮಾತ್ರ ಮನೆಯಿಂದ ಯಾರನ್ನೋ ಕಳಿಸಿಕೊಟ್ಟ ಹಾಗಾಗಿತ್ತು. ಇವರು ಮೊದಲಿನಂತೆ ನಾನು ಎಬ್ಬಿಸಿದ ಮೇಲೆಯೇ ಏಳತೊಡಗಿದರು. ಆಗಾಗ ಬೀರು ತೆಗೆದು ಒಳಗಿನ ಖಾನೆಯನ್ನು ನೋಡುತ್ತಿದ್ದರು. ನಾನು ಕಂಡರೂ ಕಾಣದವಳಂತೆ ಇದ್ದೆ. ನಾನು ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಮನಸ್ಸಿಗೆ ಹೇಳಿಕೊಂಡು ಹಬ್ಬದ ಕೆಲಸಕ್ಕೆ ಇಳಿದೆ.

ವರಮಹಾಲಕ್ಷ್ಮಿ ಹಬ್ಬದ ದಿನ ಮಳೆ ಬಿಡುವು ಕೊಟ್ಟಿತ್ತು. ಕಳಶಕ್ಕೆ ಸೀರೆ ಉಡಿಸಿ, ಪೂಜೆ ಮುಗಿಸಿ, ಒಬ್ಬಟ್ಟಿನ ನೈವೇದ್ಯ ಮಾಡಿದೆ. ಹೊಸಿಲಿಗೆ ಇಟ್ಟಾಯಿತು, ಒಲೆಗೆ ಇಟ್ಟಾಯಿತು. ಪುಟ್ಟ ಬಟ್ಟಲಿನಲ್ಲಿ ಎಂದಿನಂತೆ ಕುಂಕುಮವನ್ನು ನೀರಿನಲ್ಲಿ ಕಲಸಿಕೊಂಡು ಕೋಣೆಗೆ ಬಂದು ಕಬ್ಬಿಣದ ಬೀರುವಿನ ಮುಂದೆ ನಿಂತೆ. ಬೆರಳು ಅದ್ದುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ರಮಾ, ಅಲ್ಲಲ್ಲ.”

ಮಡಿಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕೈ ಬಿಳಿ ಬೀರುವಿನ ಕಡೆ ಇತ್ತು.

“ಬೇಡ ರೀ. ಅಷ್ಟು ಕಷ್ಟಪಟ್ಟು ನುಣುಪು ಮಾಡಿದೀರಿ. ಬಣ್ಣ ಇನ್ನೂ ಹಸಿ ಅಂದ್ರಲ್ಲ.”

ಅವರು ಹತ್ತಿರ ಬಂದು ನನ್ನ ಕೈಯಿಂದ ಬಟ್ಟಲನ್ನು ತೆಗೆದುಕೊಂಡರು. ಅಡುಗೆಮನೆಗೆ ಹೋದರು. ಸಿಂಕಿಗೆ ನೀರು ಚೆಲ್ಲಿದ್ದು ಕೇಳಿಸಿತು. ಡಬ್ಬಿಗಳನ್ನು ತಡಕಾಡಿದ್ದು ಕೇಳಿಸಿತು. ಯಾವುದು ಎಲ್ಲಿದೆ ಎಂದು ಈ ಮನುಷ್ಯನಿಗೆ ಇವತ್ತಿಗೂ ಗೊತ್ತಿಲ್ಲ. ವಾಪಸು ಬಂದಾಗ ಬಟ್ಟಲಲ್ಲಿ ಹೊಸದಾಗಿ ಕಲಸಿದ ಕುಂಕುಮವಿತ್ತು. ಕಡುಗೆಂಪಗೆ, ಮಂದವಾಗಿ, ಅಂಚಿನಲ್ಲಿ ಹೊಳೆಯುತ್ತಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಬಂತು.

“ನೀರಲ್ಲಿ ಕಲಸಿದ್ದು ನಿಲ್ಲಲ್ಲ,” ಎಂದರು. “ಇದು ಇಳಿಯುತ್ತೆ. ಈಗಲೇ ಇಡು, ಹಸಿ ಇರೋವಾಗ್ಲೇ.”

ನಾನು ಅವರ ಮುಖ ನೋಡಿದೆ. ಅವರು ಬೀರುವನ್ನು ನೋಡುತ್ತಿದ್ದರು, ಕಣ್ಣು ಮಾತ್ರ ತುಂಬಿತ್ತು. ಉಂಗುರದ ಬೆರಳನ್ನು ಬಟ್ಟಲಿಗೆ ಅದ್ದಿದೆ. ಜಲಜಕ್ಕನ ಬೊಟ್ಟುಗಳು ಎಲ್ಲಿದ್ದವೆಂದು ನನಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಆ ಜಾಗವನ್ನು ಬಿಟ್ಟು ಮೇಲೆ, ನನ್ನ ಹಣೆಯ ಮಟ್ಟಕ್ಕೆ, ಬೆರಳನ್ನು ಒತ್ತಿದೆ. ಬೊಟ್ಟು ಸೊಟ್ಟಗಾಯಿತು. ಎಣ್ಣೆ ಜಾಸ್ತಿಯಾಗಿ ಒಂದು ಎಳೆ ಬಿಳಿಯ ಮೇಲೆ ಕೆಳಕ್ಕೆ ಜಾರಿತು.

ಸರಿಮಾಡೋಣವೆಂದು ಸೆರಗಿನ ತುದಿ ಎತ್ತಿದೆ. ಇವರು ನನ್ನ ಕೈ ಹಿಡಿದುಕೊಂಡರು.

“ಒರೆಸಬೇಡ,” ಎಂದರು.